ಶ್ರಾವಣ ಸೋಮವಾರದ ಬಂಗಡೆ

ಶ್ರಾವಣ ಸೋಮವಾರ ಮಧ್ಯಾಹ್ನ, ಕಿನ್ನರ ಊರಿನ ರೂಪೇಶನ ಮನೆಯಲ್ಲಿ ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಸರಿಯಾಗಿ, ಶ್ರಾವಣದ ವ್ರತ ಹಿಡಿಯದ ಹಿಂದಿನ ಮನೆಯ ಬೇಬಿಬಾಯಿ ಬಂಗಡೆ ಮೀನು ಹುರಿಯತೊಡಗಿದಳು. ವಾಸನೆ ಕಿಟಕಿಯಿಂದ ಬಂದು ನೇರ ರೂಪೇಶನ ಐದು ವರ್ಷದ ಮಗಳು ರಕ್ಷಿತಾಳ ಮೂಗಿಗೆ ಬಡಿಯಿತು.

"ನಂಗೆ ಬಂಗಡೆ ಬೇಕು!"

ಹುಡುಗಿ ಎಲೆ ಒದ್ದು ನೆಲದಲ್ಲಿ ಹೊರಳಾಡಿದಳು. ತೊವ್ವೆ ಗೋಡೆಗೆ ಹಾರಿತು. ಹೆಂಡತಿ ವಿಜೇತಾ ಅಂಕೋಲೆಯ ತವರಿನಲ್ಲಿದ್ದಳು. ಶ್ರಾವಣದಲ್ಲಿ ಮೀನಿನ ಹೆಸರೆತ್ತಿದರೂ ಉರಿದುಬೀಳುವ ರೂಪೇಶನ ತಾಯಿ ಗಂಗೂಬಾಯಿ ಬಾಗಿಲ ಸಂದಿಯಿಂದ ಬೆತ್ತ ಎಳೆದರು.

ರೂಪೇಶ ಅಡ್ಡ ನಿಂತ. ಮೊನ್ನೆ ಶ್ರಾವಣ ಶನಿವಾರವಷ್ಟೇ ಮಗಳನ್ನು ಹೆಗಲ ಮೇಲೆ ಮಲಗಿಸಿಕೊಂಡು ಕಾರವಾರದಲ್ಲಿ ಪಾಲಕರ ಸಭೆಗೆ ಹೋಗಿ, ಅಲ್ಲಿ ಮಾತಾಡಿದ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಬಸ್ ಟಿಕೆಟಿನ ಹಿಂದೆ ಬರೆದುಕೊಂಡು ಬಂದವನು ಅವನು. ಹೊಡೆಯಬಾರದು, ಆಸೆ ತೋರಿಸಬಾರದು, ಮಗುವಿನ ಎತ್ತರಕ್ಕೆ ಇಳಿದು ಮನಸ್ಸಿನಲ್ಲಿದ್ದದ್ದನ್ನು ಬಾಯಿಂದ ಹೇಳಿಸಬೇಕು.

"ಆಯಿ, ಹೊಡೀದೇ ಸುಮ್ನಾಗಿಸ್ತೆ ನೋಡು."

"ಆಗ್ಲಿ ಮಾರಾಯ. ಆಗದಿದ್ರೆ ಇನ್ಮೇಲೆ ಇವಳು ನನ್ನ ಕೈಲಿ. ನನ್ನ ಬೆತ್ತ, ನನ್ನ ಶಾಲೆ."

ಆ ಶಾಲೆಯಲ್ಲಿ ಕಲಿತ ಗುರುತು ರೂಪೇಶನ ಮೀನಖಂಡದ ಮೇಲೆ ಇನ್ನೂ ಇತ್ತು. ಮಗಳು ನೆಲದಲ್ಲಿ ಮಲಗಿದ್ದಳಲ್ಲ, ಅವಳ ಎತ್ತರಕ್ಕೆ ಇಳಿಯಲೆಂದು ಅವನೂ ಪಕ್ಕದಲ್ಲಿ ಅಂಗಾತ ಮಲಗಿಬಿಟ್ಟ.

ಗಲಾಟೆ ಕೇಳಿ ನೆರೆಮನೆಯ ಮಂದಾಕಿನಿ ಓಡಿಬಂದಳು. "ಅಯ್ಯೋ, ಅಪ್ಪನಿಗೂ ದೃಷ್ಟಿ ಆಗದ್ಯಾ? ಮೆಣಸು ತರ್ತೆ, ತಡೀರಿ!" ಅವಳ ಗಂಡ ಮಾಬ್ಲೇಶ್ವರ ಮಗುವನ್ನು ಹೆದರಿಸಲೆಂದು ಹೊಸ ಮೊಬೈಲನ್ನು ಕಿವಿಗಿಟ್ಟು, "ಹಲೋ, ಪೊಲೀಸ್ರಾ? ಅಳೂ ಹುಡ್ಗಿ ಒಂದದೆ" ಎಂದ. ಅಳು ಇಮ್ಮಡಿಯಾಯಿತು. ಒಂದು ಒದೆತಕ್ಕೆ ರೂಪೇಶನ ಕನ್ನಡಕ ಹಾರಿ ಸಾರಿನ ಪಾತ್ರೆಗೆ ಬಿತ್ತು.

ಅವನು ಮಿಸುಕಲಿಲ್ಲ. "ರಕ್ಷು, ಸಿಟ್ಟು ಬಂದದೆ ಅಲ್ಲಾ? ವಾಸನೆ ಬಂತು, ಮೀನು ಸಿಗ್ಲಿಲ್ಲ. ನಂಗೂ ಬೇಜಾರೇ. ಜೋರಾಗಿ ಉಸಿರು ತಗೋ. ಈಗ ಬಿಡು."

ಹತ್ತನೆಯ ಉಸಿರಿಗೆ ಒದೆತ ನಿಂತಿತು. ಇಪ್ಪತ್ತನೆಯದಕ್ಕೆ ರಕ್ಷಿತಾ ಎದ್ದು ಕೂತು, ಅಪ್ಪನ ಅಂಗಿಗೆ ಮೂಗು ಒರೆಸಿದಳು. ಮಾಬ್ಲೇಶ್ವರ ಚಪ್ಪಾಳೆ ತಟ್ಟಿದ. ಗಂಗೂಬಾಯಿ ಬೆತ್ತವನ್ನು ಸಂದಿಗೆ ಸೇರಿಸಿ, "ಗೆದ್ದೆ ಮಾರಾಯ. ನೀ ಸಣ್ಣವನಿರುವಾಗ ನಾನೂ ಹೀಂಗೇ ಮಾಡ್ಬೇಕಾಗಿತ್ತು" ಎಂದರು. ರೂಪೇಶನಿಗೆ ಕಣ್ಣು ತುಂಬಿ ಬಂತು. ಮೂವತ್ತೈದು ವರ್ಷದಲ್ಲಿ ತಾಯಿ ಅವನೆದುರು ಸೋತದ್ದು ಇದೇ ಮೊದಲು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಗೆದ್ದವನಿಗೆ ಸುಮ್ಮನಿರುವುದು ಎಲ್ಲಿ ಗೊತ್ತು? ಟಿಕೆಟಿನ ಕೊನೆಯ ಸಾಲು ಬಾಕಿ ಉಳಿದಿತ್ತು.

"ಈಗ ಎಲ್ಲರೆದುರಿಗೆ ಹೇಳು ಪುಟ್ಟಿ, ಹೆದರ್ಬೇಡ. ಮನಸ್ಸಲ್ಲಿ ಎಂಥದದೆ?"

ರಕ್ಷಿತಾ ಡಾಕ್ಟರಮ್ಮನೇ ಮೆಚ್ಚುವಷ್ಟು ಶಾಂತವಾಗಿ ಹೇಳಿದಳು. "ಶನಿವಾರ ಮೀಟಿಂಗ್ ಮುಗ್ದ ಮೇಲೆ ಪಪ್ಪ ಹೋಟ್ಲಲ್ಲಿ ಎರಡು ಬಂಗಡೆ ತಿಂದ. ನಾ ಮಲ್ಗಿದ್ದೆ ಅಂದ್ಕಂಡಿದ್ದ. ನಂಗೆ ಒಂದು ತುಂಡೂ ಕೊಡ್ಲಿಲ್ಲ. ಅದ್ಕೇ ಸಿಟ್ಟು."

ಗಂಗೂಬಾಯಿಯ ಕೈ ಮತ್ತೆ ಬಾಗಿಲ ಸಂದಿಗೆ ಹೋಯಿತು.

ರಕ್ಷಿತಾ ಅಪ್ಪನ ಪಕ್ಕಕ್ಕೆ ಸರಿದು ಬೆನ್ನು ಸವರಿದಳು. "ಪಪ್ಪಾ, ಜೋರಾಗಿ ಉಸಿರು ತಗೋ."