ತಿಂಗಳು ಮೊದಲೋ, ದಿನ ಮೊದಲೋ

ಇನ್ನು ಮೇಲೆ ತನ್ನ ಮನೆಯಲ್ಲಿ ಗೋಡೆ ಕ್ಯಾಲೆಂಡರಿಗೆ ಕೆಲಸವಿಲ್ಲ ಎಂದು ಸಾಗರದ ವೆಂಕಟ್ರಮಣ ಘೋಷಿಸಿದ್ದು ೧೯೮೮ರ ಯುಗಾದಿಯಂದು, ಬಾಯಲ್ಲಿ ಬೇವುಬೆಲ್ಲ ಇರುವಾಗಲೇ. ಆ ಬೇವು ಮುಂದೆ ಎಲ್ಲಿಗೆ ಮುಟ್ಟಿಸಲಿದೆ ಎಂಬುದು ಅವನಿಗೆ ಹೇಗೆ ಗೊತ್ತಾಗಬೇಕು?

ಅವನ ಹೆಂಡತಿ ವಾಗ್ದೇವಿ ಮದುವೆ ಮುಂಜಿಗಳಿಗೆ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ತಿಕ್ಕುವವರು ಒಳಗಿಳಿದು ಕೂರಬೇಕಾದಂಥ ಕೊಪ್ಪರಿಗೆಗಳು, ಎರಡು ಕೈಯಲ್ಲಿ ಎತ್ತುವ ಸೌಟುಗಳು. ಯಾರ ಮನೆಗೆ ಯಾವತ್ತು ಕಳಿಸಬೇಕೆಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗೀಚಿಕೊಳ್ಳುತ್ತಿದ್ದಳು. ವೆಂಕಟ್ರಮಣ ಲೆಕ್ಕ ಬರೆಯುತ್ತಿದ್ದ ಅಡಿಕೆ ಮಂಡಿಗೆ ಆಗಷ್ಟೇ ಕಂಪ್ಯೂಟರ್ ಬಂದಿತ್ತು. ಅದನ್ನು ಮುಟ್ಟುವ ಮುಂಚೆ ಅವನು ಕೈ ತೊಳೆಯುತ್ತಿದ್ದ. ಸಾಹುಕಾರರ ಒಪ್ಪಿಗೆ ಪಡೆದು, ಹೆಂಡತಿಯ ವ್ಯವಹಾರವನ್ನೆಲ್ಲ ಅದರೊಳಗೆ ಇಳಿಸಲು ಹೊರಟ.

ತಾರೀಕುಗಳನ್ನು ಅವಳು ಬರೆದಂತೆಯೇ ಬೆರಳಚ್ಚಿಸಿದ. ೪-೫-೮೮, ೫-೪-೮೮, ೨೮-೩-೮೮. ಯಂತ್ರ ಅವನ್ನು ತಾರೀಕೆಂದು ಒಪ್ಪಲೇ ಇಲ್ಲ. ಅದರ ಪಾಲಿಗೆ ಅವು ಬರೀ ಅಕ್ಷರಗಳು, ಅಂಗಡಿಯ ಬೋರ್ಡಿದ್ದಂತೆ. ಸಾಲಾಗಿ ಜೋಡಿಸೆಂದರೆ ಏಪ್ರಿಲಿಗಿಂತ ಮೊದಲು ಮೇ ತಿಂಗಳನ್ನು ತಂದು ನಿಲ್ಲಿಸಿತು. ಜೊತೆಗೆ ಬಂದಿದ್ದ ಇಂಗ್ಲಿಷ್ ಪುಸ್ತಕವನ್ನು ತಡಕಾಡಿ, ಅಕ್ಷರವನ್ನು ತಾರೀಕಾಗಿಸುವ ಸೂತ್ರವೊಂದನ್ನು ಅವನು ಕಂಡುಹಿಡಿದ. ಸೂತ್ರ ಹಾಕಿದೊಡನೆ ತಾರೀಕು ಮಾಯವಾಗಿ ಅಲ್ಲಿ ಮೂವತ್ತೆರಡು ಸಾವಿರದ ಚಿಲ್ಲರೆ ಒಂದು ಸಂಖ್ಯೆ ಕೂತಿತ್ತು. ಈ ಶತಮಾನ ಹುಟ್ಟಿದಾಗಿನಿಂದ ಯಂತ್ರ ದಿನಗಳನ್ನು ಎಣಿಸುತ್ತಲೇ ಇದೆ ಎಂದು ಪುಸ್ತಕ ಹೇಳಿತು. ವೆಂಕಟ್ರಮಣನ ಮೈ ಜುಮ್ಮೆಂದಿತು. ತನ್ನ ಅಜ್ಜನ ಉಪನಯನ, ತನ್ನ ಮದುವೆ, ಹೊಳೆಗೆ ಅಣೆಕಟ್ಟು ಕಟ್ಟಿ ಊರುಗಳು ಮುಳುಗಿದ ದಿನ, ಎಲ್ಲಕ್ಕೂ ಅದರೊಳಗೆ ಒಂದೊಂದು ನಂಬರು! ಚಿತ್ರಗುಪ್ತನ ಪಕ್ಕದ ಕುರ್ಚಿಯಲ್ಲಿ ತಾನೇ ಕೂತಂತೆ ಅವನಿಗೆ ಅನ್ನಿಸಿತು.

ಒಂದೇ ತೊಂದರೆ. ೨೮-೩ರಂಥ ತಾರೀಕುಗಳಿಗೆ ಯಂತ್ರ ‘ತಪ್ಪು’ ಎಂದು ಮುಖ ತಿರುಗಿಸಿತು. ಅವನ್ನು ಹಿಂದುಮುಂದು ಮಾಡಿ, ತಿಂಗಳನ್ನು ಮೊದಲು ಬರೆದರೆ ಒಪ್ಪಿತು. ಆಗಲೇ ಅವನ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಯಂತ್ರ ತಕರಾರು ಮಾಡದ ತಾರೀಕುಗಳೆಲ್ಲ ಸರಿಯೆಂದೇ ಬಗೆದ. ಮಾರ್ಚ್ ಕೊನೆಯ ಮದುವೆಗಳಿಗೆ ಪಾತ್ರೆಗಳು ಸಲೀಸಾಗಿ ಹೋಗಿ ಬಂದವು. ವಾಗ್ದೇವಿಗೂ ನಂಬಿಕೆ ಬಂತು. ತಂಗಿಯ ಬಾಣಂತನಕ್ಕೆಂದು ಹಿನ್ನೀರು ದಾಟುವ ಲಾಂಚು ಹತ್ತಿ ತುಮರಿಯ ತವರಿಗೆ ಹೊರಟುಹೋದಳು.

ಏಪ್ರಿಲ್ ನಾಲ್ಕರ ಬೆಳಿಗ್ಗೆ ವೆಂಕಟ್ರಮಣ ಯಂತ್ರದ ಆಜ್ಞೆಯಂತೆ ಅಷ್ಟೂ ಪಾತ್ರೆಗಳನ್ನು ಲಾರಿಗೆ ಹೇರಿಸಿ, ಹೊಸನಗರದ ಕಡೆ ಮರುದಿನ ಮಗಳ ಮದುವೆಯೆಂದು ಅದು ತೋರಿಸಿದ್ದ ಭೂತಪ್ಪನ ಮನೆಗೆ ಕಳಿಸಿದ. ಜೊತೆಗೆ, ಅಂಚಿನುದ್ದಕ್ಕೂ ತೂತುಗಳಿದ್ದ ಕಂಪ್ಯೂಟರ್ ಕಾಗದದಲ್ಲಿ ಹೆಸರು, ತಾರೀಕು.

ಮಧ್ಯಾಹ್ನ ವಾಗ್ದೇವಿ ತುಮರಿಯಿಂದ ಬಂದು ಚೀಲ ಇಳಿಸುವುದಕ್ಕೂ, ಕೆಳದಿಯ ಸುಬ್ಬಯ್ಯ ಏದುಸಿರು ಬಿಡುತ್ತ ಜಗಲಿ ಹತ್ತುವುದಕ್ಕೂ ಸರಿಹೋಯಿತು. ನಾಳೆ ಮಗಳ ಮದುವೆ, ಇನ್ನೂ ಪಾತ್ರೆ ಬಂದಿಲ್ಲ ಎಂದ. ವೆಂಕಟ್ರಮಣ ಗಂಭೀರವಾಗಿ ಕಾಗದ ಬಿಡಿಸಿ, ನಿಮ್ಮ ಮನೆಯ ಮದುವೆ ಮೇ ನಾಲ್ಕಕ್ಕಲ್ಲವೇ ಎಂದ.

ಸುಬ್ಬಯ್ಯ ಸಿಟ್ಟಾಗಲಿಲ್ಲ. ಕಾಗದವನ್ನೇ ನೋಡಿದ. 

"ಹಂಗಾರೆ ಪುರೋಹಿತ್ರೇ ತಪ್ಪು ಹೇಳಿದ್ರಾ?" ಎಂದು ಮೆಲ್ಲಗೆ ಕೇಳಿದ.

ಸ್ವಂತ ಮಗಳ ಮದುವೆಯನ್ನೇ ಅನುಮಾನಿಸುತ್ತ ನಿಂತ ಆ ತಂದೆಯನ್ನು ಕಂಡು ವೆಂಕಟ್ರಮಣನಿಗೆ ಮೊದಲ ಬಾರಿ ಯಂತ್ರದ ಬಗ್ಗೆ ಹೆದರಿಕೆಯಾಯಿತು.

"ಮದ್ವೆ ನಾಳೆನೇ ಇದ್ದು," ಎಂದಳು ವಾಗ್ದೇವಿ. "ಎಂಗಕ್ಕೂ ಊಟಕ್ಕೆ ಕರೆ ಇದ್ದು. ಪಾತ್ರೆ ಎಲ್ಲಿದ್ದು?"

ಪಾತ್ರೆ ಹೊಸನಗರದಲ್ಲಿತ್ತು. ಮಂಡಿಗೆ ಓಡಿ ಪುಸ್ತಕ ತೆರೆದಾಗ ವೆಂಕಟ್ರಮಣನಿಗೆ ಸತ್ಯದರ್ಶನವಾಯಿತು. ಯಂತ್ರ ಹುಟ್ಟಿದ ದೇಶದಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಭೂತಪ್ಪನ ಮೇ ನಾಲ್ಕನ್ನು ಅದು ಏಪ್ರಿಲ್ ಐದು ಮಾಡಿತ್ತು. ಸುಬ್ಬಯ್ಯನ ಏಪ್ರಿಲ್ ಐದನ್ನು ಮೇ ನಾಲ್ಕು ಮಾಡಿತ್ತು. ಹನ್ನೆರಡರ ಮೇಲಿನ ತಿಂಗಳಿಲ್ಲವಾದ್ದರಿಂದ ಇಪ್ಪತ್ತೆಂಟಕ್ಕೆ ಮಾತ್ರ ಸೊಲ್ಲೆತ್ತಿತ್ತು. ಇತ್ತ ಒಲೆಯಿದ್ದೂ ಕೊಪ್ಪರಿಗೆಯಿಲ್ಲ, ಅತ್ತ ಕೊಪ್ಪರಿಗೆಯಿದ್ದೂ ಮದುವೆಯಿಲ್ಲ.

ಗಂಡಹೆಂಡತಿ ಸಿಕ್ಕ ಜೀಪು ಹತ್ತಿದರು. ದಾರಿಯುದ್ದಕ್ಕೂ ವಾಗ್ದೇವಿ ಬೆರಳು ಮಡಚಿ ಕೊಪ್ಪರಿಗೆ, ಸೌಟುಗಳನ್ನು ಎಣಿಸುತ್ತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು. ಭೂತಪ್ಪ ಪಾತ್ರೆಗಳನ್ನು ಅಂಗಳದ ಮೂಲೆಗೆ ಒಟ್ಟಿ, ಇದೆಂಥ ಹುಚ್ಚರು ಎಂದು ನಗುತ್ತಿರಬಹುದು, ಎತ್ತಿಕೊಂಡು ಬಂದರಾಯಿತು ಎಂದು ವೆಂಕಟ್ರಮಣ ಅಂದುಕೊಂಡಿದ್ದ.

ಭೂತಪ್ಪನ ಮನೆಯ ಮುಂದೆ ಜೀಪು ನಿಂತಾಗ ಚಪ್ಪರ ಏಳುತ್ತಿತ್ತು. ಹೆಂಗಸರ ಒಂದು ಸಾಲು ಸೌತೆಕಾಯಿ ಹೆಚ್ಚುತ್ತಿತ್ತು. ಕಂಬಕ್ಕೆ ಬಾಳೆ ಕಟ್ಟಿಯಾಗಿತ್ತು. ಮದುಮಗಳು ಮಹಾಲಕ್ಷ್ಮೀ ಕೈತುಂಬ ಮದರಂಗಿ ಹಚ್ಚಿಕೊಂಡು ಕೂತಿದ್ದಳು.

"ಬಂದ್ರಾ ಭಟ್ರೆ?" ಎಂದು ಭೂತಪ್ಪ ಎದುರು ಬಂದ. ನಡೆದದ್ದು ಇಷ್ಟು. ಲಾರಿಯ ಜೊತೆ ಬಂದ ಕಾಗದವನ್ನು ಮೇಷ್ಟರಿಂದ ಓದಿಸಿದ್ದ. ಪುರೋಹಿತರ ಬಳಿ ಓಡಿದ್ದ. ಅವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಪಂಚಾಂಗ ತಿರುವಿ, ಏಪ್ರಿಲ್ ಐದೂ ತಕ್ಕಮಟ್ಟಿಗೆ ಒಳ್ಳೆಯದೇ, ಕಂಪ್ಯೂಟರಿಗೆ ನಮಗೆ ಕಾಣದ್ದೇನೋ ಕಂಡಿರಬೇಕು ಎಂದಿದ್ದರು. ತೀರ್ಥಹಳ್ಳಿಯ ಗಂಡಿನ ಮನೆಗೆ ಪೋಸ್ಟಾಫೀಸಿನಿಂದ ಫೋನು ಹೋಗಿತ್ತು. ಕಂಪ್ಯೂಟರೇ ಹೇಳಿದ ಮೇಲೆ ಮಾತೇನು, ಬೆಳಿಗ್ಗೆ ಬಸ್ಸಿಗೆ ಹೊರಡುತ್ತೇವೆ ಎಂದು ಅವರೂ ಒಪ್ಪಿದ್ದರು. ಎರಡು ತಾಲೂಕು ಸೇರಿದರೂ ಅನುಮಾನಪಟ್ಟವನು ಒಬ್ಬನೂ ಇರಲಿಲ್ಲ.

ವೆಂಕಟ್ರಮಣ ತಿಂಗಳು, ದಿನ, ಅಮೆರಿಕ ಎಂದೆಲ್ಲ ತೊದಲಿ ತಪ್ಪೊಪ್ಪಿಕೊಂಡ. ಹೆಚ್ಚುವ ಕತ್ತಿಗಳು ನಿಂತವು. ಮಹಾಲಕ್ಷ್ಮೀ ತನ್ನ ಕೆಂಪು ಕೈಗಳನ್ನು ನೋಡಿಕೊಂಡಳು.

ಆಗ ವಾಗ್ದೇವಿ ಮುಂದೆ ಬಂದು ಭೂತಪ್ಪನಿಗೆ ಹೇಳಿದಳು: "ಕೆಳದಿಲಿ ಒಂದು ಹೆಣ್ಣಿಗೆ ನಾಳೆ ಧಾರೆ. ಅಡುಗೆಗೆ ಪಾತ್ರೆ ಇಲ್ಲ."

ಭೂತಪ್ಪ ಚಪ್ಪರ ನೋಡಿದ, ಮಗಳನ್ನು ನೋಡಿದ. ಮಾತಾಡಿದ್ದು ಮಗಳು.

"ಕಳ್ಸಿ ಅಪ್ಪಯ್ಯ. ಸೌತೆಕಾಯಿನೂ ಕಳ್ಸಿ. ಹೆಚ್ಚಿದ್ದು ನನ್ನ ಮದ್ವೆ ತನಕ ಇರಲ್ಲ."

ಯಾರೋ ನಕ್ಕರು. ಆಮೇಲೆ ನಡೆದದ್ದನ್ನು ವೆಂಕಟ್ರಮಣ ಬಾಯಿ ಬಿಟ್ಟುಕೊಂಡು ನೋಡಿದ. ಚಪ್ಪರಕ್ಕೆ ಬಂದಿದ್ದ ಗಂಡಸರೇ ಕೊಪ್ಪರಿಗೆಗಳನ್ನು ಅಲ್ಲೇ ಉಳಿದಿದ್ದ ಲಾರಿಗೇರಿಸಿದರು, ಇಳಿಸಲು ಜನ ಬೇಕಲ್ಲ ಎಂದು ತಾವೂ ಹತ್ತಿದರು. ಒಬ್ಬ ತೀರ್ಥಹಳ್ಳಿಗೆ ಫೋನು ಮಾಡಲು ಓಡಿದ. ಕತ್ತಲಾಗುವುದರೊಳಗೆ ಲಾರಿ ಕೆಳದಿ ಸೇರಿತು. ಮರುದಿನ ಸುಬ್ಬಯ್ಯನ ಮನೆಯ ಮದುವೆಯಲ್ಲಿ ಹೊಸನಗರದ ಸೌತೆಕಾಯಿಯ ಹುಳಿಯನ್ನು ಎಲ್ಲರೂ ಎರಡೆರಡು ಸಲ ಬಡಿಸಿಕೊಂಡರು. ಯಂತ್ರಕ್ಕೆ ಕೈ ಮುಗಿಯುತ್ತಿದ್ದ ವೆಂಕಟ್ರಮಣ ಅಂದು ಬಡಿಸುವವರಿಗೂ ಉಣ್ಣುವವರಿಗೂ ಮನಸ್ಸಿನಲ್ಲೇ ಕೈ ಮುಗಿದ.

ಮೇ ತಿಂಗಳಲ್ಲಿ ಭೂತಪ್ಪನ ಮನೆಗೆ ಪಾತ್ರೆಗಳ ಜೊತೆ ಅವನೇ ಹೋದ. ಪ್ರಾಯಶ್ಚಿತ್ತವೆಂದು ಕೊಪ್ಪರಿಗೆಯೊಂದಕ್ಕೆ ತಾನೂ ಹೆಗಲು ಕೊಟ್ಟು ಚಪ್ಪರದೊಳಗೆ ತಂದ. ಭೂತಪ್ಪ ಅವನನ್ನು ತನ್ನ ತಾಯಿ ತುಂಗಮ್ಮನ ಮುಂದೆ ನಿಲ್ಲಿಸಿ ಪರಿಚಯಿಸಿದ.

"ಅವ್ವಾ, ಕಂಪ್ಯೂಟರಿಗೆ ತಪ್ಪು ಹೇಳ್ಕೊಟ್ಟವ್ರು ಇವ್ರೇ."

ಮುದುಕಿ ಕಣ್ಣಿಗೆ ಕೈ ಅಡ್ಡ ಹಿಡಿದು ವೆಂಕಟ್ರಮಣನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅಪಾರ ಮರುಕವಿತ್ತು.

"ಪಾಪ," ಎಂದಳು. "ಆ ಕಂಪ್ಯೂಟರಿಗೇನೂ ಬೇಜಾರಾಗ್ಲಿಲ್ಲ ಅಲ್ವಾ?"