ವ್ಯಾನ್ ಓಡಿಸುವವನ ಹೆಸರೇನು?

ಕೆಲವರಿಗೆ ಲಾಟರಿ ಹೊಡೆಯುತ್ತದೆ, ಕೆಲವರಿಗೆ ಮಾವನ ಮನೆಯ ಆಸ್ತಿ ಬರುತ್ತದೆ, ನನಗೆ ಮಾತ್ರ ದಾರಿಯಲ್ಲಿ ಪೊಲೀಸರು ಸಿಗುತ್ತಾರೆ. ತಪ್ಪು ಮಾಡಿ ಸಿಕ್ಕಿಬಿದ್ದರೆ ಅದು ನ್ಯಾಯ. ನಾನು ತಪ್ಪು ಮಾಡದೆಯೇ ಸಿಕ್ಕಿಬೀಳುವ ಜಾತಿ. ತೊಂಬತ್ತರ ದಶಕದಲ್ಲಿ ಕತಾರಿನ ದೋಹಾದಲ್ಲಿ ನಮ್ಮ ಕನ್ನಡ ಬಳಗದ ವ್ಯಾನ್ ಓಡಿಸುತ್ತಿದ್ದಾಗ ಹೀಗೆ ಆದದ್ದು ಒಂದೆರಡು ಸಲವಲ್ಲ. ಈಗ ಹೇಳುವಾಗ ನಗು ಬರುತ್ತದೆ. ಆಗ ಬೆನ್ನಿನಲ್ಲಿ ಬೆವರು ಹರಿದದ್ದು ನನಗೇ ಗೊತ್ತು, ಅದೂ ಏಸಿ ಹಾಕಿಕೊಂಡು!

ಸೊಂಟನೋವು

ಆಗ ದೋಹಾದಲ್ಲಿ ಹೇಳಿಕೊಳ್ಳುವಂಥ ಸಿಟಿ ಬಸ್ಸು ಇರಲಿಲ್ಲ. ಗಂಡಸರನ್ನು ಕಂಪನಿ ಬಸ್ಸು ಮೆಸಯೀದ್‌ನ ಪ್ಲಾಂಟಿಗೆ ಒಯ್ದು ತರುತ್ತಿತ್ತು. ಮನೆಯಲ್ಲಿ ಉಳಿದ ಹೆಂಗಸರು, ಮಕ್ಕಳು ಆಸ್ಪತ್ರೆಗೆ ಹೋಗಬೇಕೆಂದರೆ ಟ್ಯಾಕ್ಸಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬಿಸಿಲಿನಲ್ಲಿ ನಿಂತು ಹಪ್ಪಳವಾಗುವುದೇ. ಅದಕ್ಕೆ ಕನ್ನಡ ಬಳಗದವರೆಲ್ಲ ಸೇರಿ ಒಂದು ಹಳೆಯ ವ್ಯಾನ್ ಕೊಂಡರು. ಸೂಕ್‌ನಲ್ಲಿ, ಅಂದರೆ ಹಳೆಯ ಪೇಟೆಯಲ್ಲಿ, ಬಟ್ಟೆ ಅಂಗಡಿ ಇಟ್ಟಿದ್ದ ಉಳ್ಳಾಲದ ಹಾಜಿಯವರು ದೊಡ್ಡ ಪಾಲು ಕೊಟ್ಟರು, ಉಳಿದವರು ಕೈಲಾದಷ್ಟು ಹಾಕಿದರು. ‘ನಮ್ಮ ವ್ಯಾನ್, ನಮ್ಮ ವ್ಯಾನ್’ ಎಂದು ಎಲ್ಲರಿಗೂ ಹೆಮ್ಮೆಯೋ ಹೆಮ್ಮೆ.

ಹೆಮ್ಮೆ ಇದ್ದದ್ದು ಬಳಗದ ಸಭೆಯಲ್ಲಿ ಹಾಜಿಯವರು ಬಾಯಿ ತೆರೆಯುವವರೆಗೆ. “ಇನ್ಶೂರೆನ್ಸಿಗೆ ಡ್ರೈವರ್‌ಗಳ ಹೆಸರು ಬೇಕಂತೆ. ಸಂಬಳ ಇಲ್ಲ, ಇದು ಸೇವೆ. ಲೈಸೆನ್ಸ್ ಇದ್ದವರು ಕೈ ಎತ್ತಿ ಮಾರಾಯ್ರೆ” ಎಂದರು.

ಮೊದಲ ಸಾಲಿನವರಿಗೆ ಸೊಂಟನೋವು. ಎರಡನೆಯ ಸಾಲಿನವರಿಗೆ ಕತ್ತುನೋವು. ನಾನೂ ಸೊಂಟ ಹಿಡಿದುಕೊಳ್ಳುವವನೇ ಇದ್ದೆ, ಅಷ್ಟರಲ್ಲಿ ಪಕ್ಕದವರು ಹಿಡಿದುಕೊಂಡುಬಿಟ್ಟರು. ಒಂದೇ ಬೆಂಚಿನಲ್ಲಿ ಎಷ್ಟು ಜನರ ಸೊಂಟ ಹೋಗುವುದು? ನಾಚಿಕೆಯಾಗಿ ಸುಮ್ಮನೆ ಕೂತೆ. ಸುಮ್ಮನೆ ಕೂತದ್ದನ್ನೇ ಒಪ್ಪಿಗೆ ಎಂದು ಬರೆದುಕೊಂಡರು.

ಮರುದಿನ ಇನ್ಶೂರೆನ್ಸ್ ಆಫೀಸಿಗೆ ಹೋದೆವು. ಅಲ್ಲಿನ ಸಾಹೇಬ ಈಜಿಪ್ಟಿನವನು, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. “ಇದು ಸೇವೆಯ ವಾಹನ. ಪ್ರಯಾಣಿಕರಿಂದ ಏನಾದರೂ ತೆಗೆದುಕೊಂಡರೆ ಇನ್ಶೂರೆನ್ಸ್ ಮಾಫಿ, ಇಲ್ಲವೇ ಇಲ್ಲ. ಪೊಲೀಸ್ ಹಿಡಿದರೆ ಕಳ್ಳ ಟ್ಯಾಕ್ಸಿ ಎಂದು ಕೇಸು. ವ್ಯಾನ್ ಯಾರ್ಡಿಗೆ, ನೀನು ಏರ್‌ಪೋರ್ಟಿಗೆ” ಎಂದು ನನ್ನ ಮೂಗಿಗೇ ಬೆರಳು ತೋರಿಸಿದ.

ನನ್ನ ಜೀವ ಬಾಯಿಗೆ ಬಂತು. ಯಾಕೆಂದರೆ ಆಗಷ್ಟೇ ನಾನು ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕಿದ್ದೆ. ಮದುವೆಯಾದಾಗಿನಿಂದ ಹೆಂಡತಿ ಉಡುಪಿಯ ಹತ್ತಿರದ ಊರಿನಲ್ಲಿ, ನಾನು ಇಲ್ಲಿ. ಮಗಳು ನನ್ನನ್ನು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. “ಅಪ್ಪ ಎಲ್ಲಿ ಪುಟ್ಟಿ?” ಎಂದರೆ ಟೆಲಿಫೋನನ್ನು ತೋರಿಸುತ್ತಿದ್ದಳಂತೆ. ಅದನ್ನು ಕೇಳಿದ ದಿನ ನಾನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದೆ. ನಮ್ಮ ಕಫೀಲ್, ಅಂದರೆ ವೀಸಾಕ್ಕೆ ಸಹಿ ಹಾಕುವ ಮಾಲೀಕ, ಒಳ್ಳೆಯವನೇ. ಆದರೆ ಅವನೂ ಹೇಳಿದ್ದು ಒಂದೇ ಮಾತು: “ನಿನ್ನ ಹೆಸರಿನಲ್ಲಿ ಒಂದು ಪೊಲೀಸ್ ಕೇಸು ಬಂದರೆ ವೀಸಾ ಖಲಾಸ್.”

ಆ ದಿನ ಮನೆ ಸೇರುವಷ್ಟರಲ್ಲಿ ನನಗೆ ನಿಜವಾಗಿಯೂ ಸೊಂಟನೋವು ಶುರುವಾಗಿತ್ತು.

ಗೋಳಿಬಜೆ

ಏನೂ ತೆಗೆದುಕೊಳ್ಳಬಾರದು ಎಂದು ಈಜಿಪ್ಟಿನವನು ಹೇಳಿಬಿಟ್ಟ. ಆದರೆ ನಮ್ಮವರಿಗೆ ಬರಿಗೈಯಲ್ಲಿ ಯಾರನ್ನಾದರೂ ಕಳಿಸಿ ಗೊತ್ತುಂಟಾ? ಆಸ್ಪತ್ರೆಯಿಂದ ಇಳಿಯುವವರು ಸೀಟಿನ ಮೇಲೆ ಬಾಳೆಹಣ್ಣು ಬಿಟ್ಟು ಹೋಗುವರು. ಬಳಗದ ಕನ್ನಡ ಕ್ಲಾಸಿಗೆ ಬರುವ ಮಕ್ಕಳ ಕೈಯಲ್ಲಿ ಉಪ್ಪಿನಕಾಯಿ ಬಾಟಲಿ. ನಾನು “ಬೇಡ, ಬೇಡ” ಎಂದು ಹಿಂದೆ ಓಡುವುದು, ಅವರು “ಇರಲಿ, ಇರಲಿ” ಎಂದು ಮುಂದೆ ಓಡುವುದು. ನೋಡುವವರಿಗೆ ನಾನೇ ಕಳ್ಳ.

ಪುತ್ತೂರಿನ ಅಕ್ಕ ಒಬ್ಬರಿದ್ದರು. ಅಲ್ ಸದ್ದ್ ಬಡಾವಣೆಯಲ್ಲಿ ಫ್ಲ್ಯಾಟು. ಒಂದು ದಿನ ಅವರನ್ನು ಕರೆದೊಯ್ಯಲು ಹೋದರೆ ಬಿಸಿಬಿಸಿ ಗೋಳಿಬಜೆಯ ಡಬ್ಬಿಯನ್ನು ಡ್ಯಾಶ್‌ಬೋರ್ಡಿನ ಮೇಲೆ ಇಟ್ಟೇಬಿಟ್ಟರು.

“ಅಕ್ಕಾ, ಕೈ ಮುಗಿಯುತ್ತೇನೆ. ಇದನ್ನು ತಿಂದರೆ ಇನ್ಶೂರೆನ್ಸ್ ಹೋಗುತ್ತದೆ.”

“ಗೋಳಿಬಜೆ ತಿಂದು ಹೊಟ್ಟೆ ಹೋದವರನ್ನು ಕಂಡಿದ್ದೇನೆ ತಮ್ಮಾ, ಇನ್ಶೂರೆನ್ಸ್ ಹೋದವರನ್ನು ಕಾಣೆ.”

ಅದೇ ಹೊತ್ತಿಗೆ ಬರಬೇಕೇ ಆ ಈಜಿಪ್ಟಿನವನು! ಎಲ್ಲೋ ತಾಗಿ ವ್ಯಾನಿನ ಹಿಂದಿನ ಬಾಗಿಲಿಗೆ ಬಿದ್ದಿದ್ದ ತಗ್ಗನ್ನು ನೋಡಲು ಬರುತ್ತೇನೆ ಎಂದವನು ಸರಿಯಾಗಿ ಆಗಲೇ ಬಂದ. ಕಿಟಕಿಯೊಳಗೆ ತಲೆ ಹಾಕಿದ. ಡಬ್ಬಿ ನೋಡಿದ. ನನ್ನ ಮುಖ ನೋಡಿದ. “ಇದೇನು? ಪ್ರಯಾಣಿಕಳು ಕೊಟ್ಟದ್ದಾ?” ಎಂದು ಗುಡುಗಿದ. ಮಗಳು, ಟೆಲಿಫೋನು, ವೀಸಾ, ಎಲ್ಲ ಕಣ್ಣ ಮುಂದೆ ಸುತ್ತಿತು.

ಅಕ್ಕನಿಗೆ ಇಂಗ್ಲಿಷೂ ಬಾರದು, ಅರಬ್ಬಿಯೂ ಬಾರದು. ಬಂದವರಿಗೆ ತಿನ್ನಲು ಕೊಡುವುದೊಂದು ಗೊತ್ತು. ಡಬ್ಬಿಯನ್ನು ಅವನ ಮುಂದೆ ಹಿಡಿದರು. ಅವನು ಒಂದು ತೆಗೆದುಕೊಂಡ. ಮತ್ತೊಂದು ತೆಗೆದುಕೊಂಡ. ಆಮೇಲೆ ಡಬ್ಬಿಯನ್ನೇ ತೆಗೆದುಕೊಂಡ. ತಿನ್ನುತ್ತಾ ತಿನ್ನುತ್ತಾ ನನ್ನನ್ನು ದುರುಗುಟ್ಟಿ ನೋಡಿ, “ಈ ಸಲ ಬಿಟ್ಟಿದ್ದೇನೆ. ನೀನು ಏನೂ ತೆಗೆದುಕೊಳ್ಳಲಿಲ್ಲ ಎಂಬುದಕ್ಕೆ ನಾನೇ ಸಾಕ್ಷಿ. ಡಬ್ಬಿಯಲ್ಲಿ ಏನೂ ಉಳಿದಿಲ್ಲ” ಎಂದ.

ಭಾವ

ಇನ್ಶೂರೆನ್ಸಿನವನಿಗೆ ಗೋಳಿಬಜೆ ಆಯಿತು, ಪೊಲೀಸರಿಗೆ ಏನು ಕೊಡುವುದು?

ಆಗ ಊರಿನಲ್ಲಿ ಕಳ್ಳ ಟ್ಯಾಕ್ಸಿಗಳು ಹೆಚ್ಚಾಗಿದ್ದವು. ಹಿಡಿದವರೆಲ್ಲ “ಇವರು ನನ್ನ ಸ್ನೇಹಿತರು” ಎನ್ನುತ್ತಿದ್ದರು. ಅದಕ್ಕೆ ಪೊಲೀಸರು ಒಂದು ಉಪಾಯ ಮಾಡಿದ್ದರು. ಪ್ರಯಾಣಿಕನನ್ನು ಕೇಳುವುದು, ಡ್ರೈವರ್ ಹೆಸರೇನು? ಡ್ರೈವರನ್ನು ಕೇಳುವುದು, ಇವರ ಹೆಸರೇನು? ಸ್ನೇಹಿತನಾದರೆ ಹೆಸರು ಗೊತ್ತಿರಬೇಕಲ್ಲ! ಬೇರೆಯವರಿಗೆಲ್ಲ ಸರಿ. ಆದರೆ ನಮ್ಮ ಕಡೆಯವರು ಯಾರನ್ನು ಹೆಸರು ಹಿಡಿದು ಕರೆಯುತ್ತಾರೆ? ಮಾಮ, ಭಾವ, ಅಕ್ಕ, ಕಾಕ, ಹೋಯ್, ಮಾರಾಯ್ರೆ. ಇಷ್ಟರಲ್ಲಿ ಜೀವನ ಮುಗಿಯುತ್ತದೆ.

ಒಂದು ದಿನ ಸಿಗ್ನಲ್ ಹತ್ತಿರ ನಿಲ್ಲಿಸಿದರು. ಹಿಂದೆ ಕೂತದ್ದು ಅದೇ ಪುತ್ತೂರಿನ ಅಕ್ಕ. ಪೊಲೀಸನಿಗೆ ನಮ್ಮಷ್ಟೇ ಹಿಂದಿ ಬರುತ್ತಿತ್ತು. “ಇವನ ಹೆಸರೇನು?” ಎಂದ.

“ಭಾವ” ಎಂದರು ಅಕ್ಕ, ಆರಾಮವಾಗಿ. ಅವರ ಮಕ್ಕಳು ನನ್ನನ್ನು ಮಾಮ ಎನ್ನುತ್ತಿದ್ದರು, ಅವರ ಗಂಡ ಭಾವ ಎನ್ನುತ್ತಿದ್ದರು, ಅಕ್ಕ ತಮ್ಮಾ ಎನ್ನುತ್ತಿದ್ದರು. ಪೊಲೀಸನ ಮುಂದೆ ಮರ್ಯಾದೆ ಇರಲಿ ಎಂದು ಗಂಡನ ಮಾತನ್ನೇ ಆರಿಸಿಕೊಂಡಿದ್ದರು.

ಪೊಲೀಸ್ ನನ್ನ ಲೈಸೆನ್ಸ್ ನೋಡಿದ. ಅದರಲ್ಲಿ ಪದ್ಮನಾಭ ಎಂದಿತ್ತು. “ಇವಳ ಹೆಸರೇನು?” ಎಂದು ನನಗೆ ತಿರುಗಿದ. ಅಯ್ಯೋ ದೇವರೇ! ಅವರ ಮನೆಯಲ್ಲಿ ಎಷ್ಟೋ ಸಲ ಊಟ ಮಾಡಿದ್ದೇನೆ, ಹೆಸರು ಕೇಳಿದ್ದು ಯಾವಾಗ? “ಅಕ್ಕ” ಎಂದೆ. ಅವನು ನನ್ನನ್ನು ಕೆಳಗಿಳಿಸಿ ಸಾಕಷ್ಟು ಹೊತ್ತು ಬಿಸಿಲಿನಲ್ಲಿ ನಿಲ್ಲಿಸಿದ. ಕೊನೆಗೆ ಯಾರೋ ಸುದ್ದಿ ಮುಟ್ಟಿಸಿ, ಹಾಜಿಯವರೇ ಅಂಗಡಿ ಬಿಟ್ಟು ಓಡಿ ಬಂದು ಅರಬ್ಬಿಯಲ್ಲಿ ಕೈಕಾಲು ಹಿಡಿದ ಮೇಲೆ, “ಇನ್ನೊಂದು ಸಲ ಸಿಕ್ಕಿದರೆ ಕೇಸು” ಎಂದು ಬಿಟ್ಟ.

ನಾನು ಮತ್ತೆ ವ್ಯಾನ್ ಹತ್ತಿದೆ. ಅಕ್ಕ ಸಮಾಧಾನ ಮಾಡಿದರು. “ಹೆದರಬೇಡ ತಮ್ಮಾ. ಅವನ ಹೆಸರೇನೆಂದು ನಾವೂ ಕೇಳಲಿಲ್ಲವಲ್ಲ!”

ಪಾಠ

ಅಂದಿನಿಂದ ನಾನು ಕಟ್ಟುನಿಟ್ಟು. ವ್ಯಾನ್ ಹತ್ತಿದವರು ನನ್ನ ಹೆಸರು ಹೇಳಬೇಕು, ತಮ್ಮ ಹೆಸರೂ ಹೇಳಬೇಕು. ಹೇಳದೆ ಕೀ ತಿರುಗಿಸುವುದಿಲ್ಲ. ದೊಡ್ಡವರು ಮುಜುಗರಪಟ್ಟು ಹೇಳಿದರು. ಮಕ್ಕಳಿಗೆ ಮಾತ್ರ ಹಬ್ಬ. ಹಿಂದೆ ಅಂಕಲ್ ಅನ್ನುತ್ತಿದ್ದ ಚಿಳ್ಳೆಪಿಳ್ಳೆಗಳೆಲ್ಲ ಸೂಪರ್‌ಮಾರ್ಕೆಟ್ಟಿನಲ್ಲಿ ನನ್ನನ್ನು ಕಂಡರೆ “ಏ ಪದ್ಮನಾಭಾ!” ಎಂದು ಕೂಗತೊಡಗಿದವು.

ಈ ಪಾಠವನ್ನು ಅತಿ ಶ್ರದ್ಧೆಯಿಂದ ಕಲಿತವರು ಮೈಸೂರಿನ ಇಂಜಿನಿಯರ್ ಒಬ್ಬರು. ಒಮ್ಮೆ ಅವರ ಕಾರು ಕೆಟ್ಟು, ಅವರನ್ನು ದೂರದ ಅಲ್ ಖೋರ್‌ಗೆ ಬಿಡಲು ನಾನು ಹೊರಟೆ. ಮರುಭೂಮಿಯ ರಸ್ತೆ, ಹಿಂದಿನಿಂದ ಪೊಲೀಸ್ ಗಾಡಿ ಲೈಟ್ ಹಾಕಿತು. ನಿಲ್ಲಿಸಿದೆ. ಪೊಲೀಸ್ ಇಳಿದು ಕಿಟಕಿಯ ಹತ್ತಿರ ಬಂದ. ಅವನು ಸಲಾಂ ಹೇಳುವ ಮೊದಲೇ ಇಂಜಿನಿಯರ್ ಇಂಗ್ಲಿಷಿನಲ್ಲಿ ಶುರುಮಾಡಿದರು. “ಇವರ ಹೆಸರು ಪದ್ಮನಾಭ. ನನ್ನ ಸ್ನೇಹಿತರು. ನಾನು ಇವರಿಗೆ ದುಡ್ಡು ಕೊಟ್ಟಿಲ್ಲ. ಬಾಳೆಹಣ್ಣು ಕೊಟ್ಟಿಲ್ಲ. ಉಪ್ಪಿನಕಾಯಿ ಕೊಟ್ಟಿಲ್ಲ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಅದೂ ಕುಂಬಳಕಾಯಿಯ ಸುದ್ದಿಯನ್ನು ಯಾರೂ ಎತ್ತಿರಲಿಲ್ಲ! ಪೊಲೀಸನ ಹುಬ್ಬು ಮೇಲೆ ಹೋಯಿತು. ವ್ಯಾನಿನ ಒಳಗೆಲ್ಲ ಹುಡುಕಿದ, ಸೀಟಿನ ಕೆಳಗೆ ಬಗ್ಗಿ ನೋಡಿದ. ನಾನು ಉಡುಪಿ ಕೃಷ್ಣನಿಗೆ ತುಲಾಭಾರ ಹೇಳಿಕೊಂಡೆ. ಏನೂ ಸಿಗದೆ ಅವನು ತಲೆ ಕೆರೆದುಕೊಂಡು ಹೇಳಿದ: “ನಿಮ್ಮ ಹಿಂದಿನ ಬಾಗಿಲು ತೆರೆದಿದೆ. ಅಷ್ಟು ಹೇಳಿ ಹೋಗೋಣ ಎಂದು ಬಂದೆ.”

ಹೆಸರು ಕಲಿಯದ ಒಬ್ಬಳು

ಅಂತೂ ವೀಸಾ ಬಂತು. ಹೆಂಡತಿ, ಮಗಳು ಮಧ್ಯಾಹ್ನದ ವಿಮಾನದಲ್ಲಿ ಇಳಿದರು. ಕಂಪನಿಯ ಕಾಗದಪತ್ರ ನೋಡಿಕೊಳ್ಳುವ ಮಂದೂಬ್ ಏರ್‌ಪೋರ್ಟಿನಲ್ಲೇ ಅವರ ಪಾಸ್‌ಪೋರ್ಟು, ವೀಸಾ ಎರಡನ್ನೂ ತೆಗೆದುಕೊಂಡು, “ರೆಸಿಡೆನ್ಸ್ ಸ್ಟಾಂಪ್ ಆಗುವ ತನಕ ಜೋಪಾನ, ಏನೂ ಗಲಾಟೆ ಬೇಡ” ಎಂದು ಹೇಳಿ ಹೋದ. ಬಳಗದ ವ್ಯಾನಿನಲ್ಲೇ ಅವರನ್ನು ಕೂರಿಸಿಕೊಂಡು ಹೊರಟೆ. ಸಂತೋಷಕ್ಕೆ ನನ್ನ ಕಾಲು ಪೆಡಲಿನ ಮೇಲೆ ನಿಲ್ಲುತ್ತಿರಲಿಲ್ಲ.

ಏರ್‌ಪೋರ್ಟ್ ರಸ್ತೆಯಲ್ಲೇ ಪೊಲೀಸ್ ಕೈ ತೋರಿಸಿದ. ನೋಡಿದರೆ ಅದೇ ಸಿಗ್ನಲ್‌ನವನು! ನನ್ನನ್ನು ಗುರುತು ಹಿಡಿದ. “ಓಹೋ, ಭಾವ! ಇವತ್ತು ಏರ್‌ಪೋರ್ಟಿನ ಬಾಡಿಗೆಯಾ?”

“ಸರ್, ಇವಳು ನನ್ನ ಹೆಂಡತಿ.”

“ಪಾಸ್‌ಪೋರ್ಟ್?”

“ಮಂದೂಬ್ ಒಯ್ದಿದ್ದಾನೆ ಸರ್.”

“ಹೌದಾ!” ಎಂದು ನಕ್ಕ. ಹಿಂದಿನ ಸೀಟಿಗೆ ಬಗ್ಗಿ ನನ್ನ ಹೆಂಡತಿಯನ್ನು ಕೇಳಿದ, “ಇವನ ಹೆಸರೇನು?”

ಅವಳು ತಲೆ ತಗ್ಗಿಸಿದಳು. ಆಗ ನನಗೆ ಹೊಳೆಯಿತು. ದೋಹಾದ ಕನ್ನಡಿಗರಿಗೆಲ್ಲ ಹೆಸರು ಬಾಯಿಪಾಠ ಮಾಡಿಸಿದ್ದೆ, ಇವಳೊಬ್ಬಳನ್ನು ಮರೆತಿದ್ದೆ. ಮದುವೆಯಾದಾಗಿನಿಂದ ಇವಳು ಗಂಡನ ಹೆಸರು ಹೇಳಿದವಳಲ್ಲ. ಹೇಳಿದರೆ ಗಂಡನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅವಳ ಅಜ್ಜಿ ಕಲಿಸಿದ್ದರು. ಪಕ್ಕದ ಮನೆಯ ಪದ್ಮಳನ್ನೂ ‘ಆಚೆಮನೆ ಹುಡುಗಿ’ ಎಂದು ಕರೆಯುವವಳು ಅವಳು.

“ಹೇಳು ಮಾರಾಯ್ತಿ, ಒಂದು ಸಲ ಹೇಳು” ಎಂದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಇಲ್ಲವೆಂದು ತಲೆಯಾಡಿಸಿದಳು.

ಪೊಲೀಸ್ ಮಗಳ ಕಡೆ ತಿರುಗಿದ. ನನ್ನನ್ನು ತೋರಿಸಿ, “ಪಾಪಾ?” ಎಂದ. ಮಗಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಜೋರಾಗಿ ತಲೆಯಲ್ಲಾಡಿಸಿದಳು. “ಅಲ್ಲ. ಅಪ್ಪ ಇರುವುದು ಫೋನಿನ ಒಳಗೆ.”

ಪೊಲೀಸನಿಗೆ ಕನ್ನಡ ಬೇಕಾಗಲಿಲ್ಲ, ತಲೆಯಲ್ಲಾಡಿಸಿದ್ದೇ ಸಾಕಾಯಿತು. ನನ್ನನ್ನು ಇಳಿಸಿ ಲೈಸೆನ್ಸ್ ಕಿತ್ತುಕೊಂಡ, ಕೇಸಿನ ಪುಸ್ತಕ ತೆಗೆದ. ಇಷ್ಟು ವರ್ಷ ಕಾದು ಕರೆಸಿಕೊಂಡವರನ್ನು ಮನೆ ತೋರಿಸುವ ಮೊದಲೇ ವಾಪಸು ಕಳಿಸಬೇಕಲ್ಲ! ನಾನು ಸುಮ್ಮನೆ ರಸ್ತೆಯಲ್ಲಿ ನಿಂತೆ.

ಆಗ ವ್ಯಾನಿನ ಬಾಗಿಲು ಧಡ್ ಎಂದು ತೆರೆಯಿತು. ನನ್ನ ಹೆಂಡತಿ ಇಳಿದಳು.

“ಹೋಯ್! ಏನು ಕಲ್ಲಿನ ಹಾಗೆ ನಿಂತಿದ್ದೀರಿ? ಬಾಯಿ ಇಲ್ಲವಾ ನಿಮಗೆ? ಏರ್‌ಪೋರ್ಟಿನಲ್ಲಿ ನಮ್ಮನ್ನು ಅಷ್ಟು ಹೊತ್ತು ಕಾಯಿಸಿದಿರಿ. ಮಗುವಿಗೆ ಒಂದು ಗುಟುಕು ನೀರು ತರಬೇಕೆಂದು ಹೊಳೆಯಲಿಲ್ಲ. ಅಂಗಿಗೆ ಇಸ್ತ್ರಿ ಇಲ್ಲ, ತಲೆಗೆ ಎಣ್ಣೆ ಇಲ್ಲ. ದೊಡ್ಡ ಆಫೀಸು, ದೊಡ್ಡ ಆಫೀಸು ಎಂದು ಫೋನಿನಲ್ಲಿ ಕೊಚ್ಚಿಕೊಂಡು ಈ ಡಕೋಟಾ ಗಾಡಿ ತಂದಿದ್ದೀರಲ್ಲ, ಆ ಪೊಲೀಸ್ ಹಿಡಿಯದೆ ಪೂಜೆ ಮಾಡುತ್ತಾನಾ?”

ಇನ್ನೂ ಬಹಳ ಹೇಳಿದಳು. ನಾನು ತಲೆ ತಗ್ಗಿಸಿ ಕೇಳುತ್ತಲೇ ಇದ್ದೆ. ಪೊಲೀಸ್ ಬರೆಯುವುದನ್ನು ನಿಲ್ಲಿಸಿ ಅವಳನ್ನು ನೋಡಿದ, ನನ್ನನ್ನು ನೋಡಿದ. ಪುಸ್ತಕ ಮುಚ್ಚಿದ. ಲೈಸೆನ್ಸನ್ನು ನನ್ನ ಜೇಬಿಗೆ ತಾನೇ ಇಟ್ಟ.

“ಖಲಾಸ್. ಇವಳು ನಿನ್ನ ಹೆಂಡತಿಯೇ” ಎಂದ. “ಟ್ಯಾಕ್ಸಿಯವನಾಗಿದ್ದರೆ ಇಷ್ಟು ಬೈಸಿಕೊಂಡು ನಿಲ್ಲುತ್ತಿದ್ದನಾ? ಯಾವಾಗಲೋ ಬಿಟ್ಟು ಓಡುತ್ತಿದ್ದ. ಯಲ್ಲಾ, ಹೋಗು.”

ವ್ಯಾನ್ ಹತ್ತಿ ಕೀ ತಿರುಗಿಸಿದೆ. ನಗುವೂ ಬಂತು, ಅಳುವೂ ಬಂತು. ಸ್ವಲ್ಪ ದೂರ ಹೋದ ಮೇಲೆ ಸಿಟ್ಟೇ ಮೇಲಾಯಿತು. “ಒಂದು ಹೆಸರು ಹೇಳಿದ್ದರೆ ಇದೆಲ್ಲ ಇರುತ್ತಿತ್ತಾ?” ಎಂದೆ.

ಅವಳು ಸೆರಗು ಸರಿಮಾಡಿಕೊಂಡು, ಕಿಟಕಿಯ ಹೊರಗೆ ಸಮುದ್ರ ನೋಡುತ್ತಾ ಹೇಳಿದಳು:

“ಹೆಸರು ಹೇಳದೆಯೇ ಬಿಡಿಸಿಕೊಂಡು ಬಂದೆನಲ್ಲ! ನಿಮ್ಮ ಆಯುಸ್ಸೂ ಉಳಿಯಿತು.”