ಹ್ಯಾಂಬರ್ಗಿಗೆ ಕೊಟ್ಟ ಮುಡಿ

ಮಿಲ್ಲಿನ ಸೈರನ್ ಕೂಗಿತು. ಶ್ರೀರಾಂಪುರದ ಆ ಬೀದಿಯಲ್ಲಿ ಬೆಳಗಿನ ಸೈರನ್ ಎಂದರೆ ಮಾತು, ಜಗಳ, ಮಕ್ಕಳ ಅಳು ಎಲ್ಲವೂ ಅದರೊಳಗೆ ಮುಳುಗಿ ಹೋಗಬೇಕು. ಅಂದು ಮುಳುಗಿದ್ದು ಓಬಳಪ್ಪನ ರೇಡಿಯೋ. ದೂರದೇಶದ ದನಿ ‘ಯುರೋಪಿಯನ್ ಕಪ್ ಫೈನಲ್‌ನಲ್ಲಿ’ ಎನ್ನುವಷ್ಟರಲ್ಲಿ ಸೈರನ್ ಬಾಯಿ ತೆರೆಯಿತು. ಅದು ಬಾಯಿ ಮುಚ್ಚುವ ಹೊತ್ತಿಗೆ ರೇಡಿಯೋದವರು ಹವಾಮಾನಕ್ಕೆ ಹೋಗಿದ್ದರು.

ಓಬಳಪ್ಪ ರೇಡಿಯೋವನ್ನು ಎದೆಗವಚಿಕೊಂಡು ಅಂಗಳದಲ್ಲಿ ನಿಂತೇ ಇದ್ದ. ಹ್ಯಾಂಬರ್ಗ್ ಗೆದ್ದಿತೋ ಸೋತಿತೋ, ಅದರ ಮೇಲೆ ಅವನ ತಲೆಗೂದಲು ನಿಂತಿತ್ತು.

ಅವನು ಕೆಲಸ ಮಾಡುವ ಕಾರ್ಖಾನೆಗೆ ಯಂತ್ರ ಕೂರಿಸಲು ಜರ್ಮನಿಯಿಂದ ಒಬ್ಬ ಇಂಜಿನಿಯರ್ ಬಂದಿದ್ದ. ಹ್ಯಾಂಬರ್ಗ್ ಊರಿನವನು. ಯಂತ್ರದ ಮಾತಿಗಿಂತ ತನ್ನೂರಿನ ಫುಟ್‌ಬಾಲ್ ತಂಡದ ಮಾತೇ ಹೆಚ್ಚು ಆಡುತ್ತಿದ್ದ ಆ ಮನುಷ್ಯ, ಹೊರಡುವಾಗ ಓಬಳಪ್ಪನ ಕೊರಳಿಗೆ ತಂಡದ ಬಣ್ಣದ ಮಫ್ಲರ್ ಹಾಕಿದ. ಅವನು ಊರಿಗೆ ಹೋದ. ಭಕ್ತಿ ಇಲ್ಲೇ ಉಳಿಯಿತು. ಹೋದ ವರ್ಷವಿಡೀ ಲೀಗ್‌ನಲ್ಲಿ ಸೋಲನ್ನೇ ಕಾಣದೆ ಓಡುತ್ತಿದ್ದ ತಂಡವನ್ನು ಈ ಎಂಬತ್ಮೂರರ ಜನವರಿಯಲ್ಲಿ ಬ್ರೆಮೆನ್‌ನವರು ಸೋಲಿಸಿದಾಗ ಓಬಳಪ್ಪ ಒಂದು ದಿನ ಊಟ ಬಿಟ್ಟ. ಅಂದಿನಿಂದ ಆ ಮನೆಯಲ್ಲಿ ಬ್ರೆಮೆನ್ ಎಂಬ ಹೆಸರನ್ನು ಎತ್ತುವಂತಿರಲಿಲ್ಲ. ಎತ್ತುವವರೂ ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು.

ಏಪ್ರಿಲ್‌ನಲ್ಲಿ ಹ್ಯಾಂಬರ್ಗ್ ಸ್ಪೇನಿನವರನ್ನು ದಾಟಿ ಫೈನಲ್ ಸೇರಿದ ವಾರವೇ ಅವನು ತಾಯಿ ಮಾರಕ್ಕನನ್ನು ಕರೆದುಕೊಂಡು ಮಾರಮ್ಮನ ಗುಡಿಗೆ ಹೋದ. ಎದೆಯುಬ್ಬಿಸಿ, ಇಡೀ ಗುಡಿಗೆ ಕೇಳುವಂತೆ ಹೇಳಿದ: ನನ್ನ ತಂಡ ಯುರೋಪಿನ ಕಪ್ ಎತ್ತಿದರೆ ನಿನಗೆ ಮುಡಿ ಕೊಡುತ್ತೇನೆ ತಾಯಿ. ಆ ಕೂದಲಾದರೂ ಎಂಥದ್ದು? ಹಣೆಯ ಮೇಲೊಂದು ಅಲೆ, ಅದರ ಹಿಂದೆ ಇನ್ನೊಂದು ಅಲೆ. ಅದನ್ನು ಕೊಡುತ್ತೇನೆಂದರೆ ರಾಜ್ಯ ಬಿಟ್ಟುಕೊಟ್ಟಂತೆ.

ಮುಂದಿನ ಸುದ್ದಿಯಲ್ಲಿ ವಿಷಯ ಸ್ಪಷ್ಟವಾಯಿತು. ಪಂದ್ಯ ಶುರುವಾಗಿ ಹತ್ತು ನಿಮಿಷ ತುಂಬುವ ಮೊದಲೇ ಹ್ಯಾಂಬರ್ಗಿನದೊಂದು ಗೋಲು. ಆಮೇಲೆ ಎದುರಾಳಿ ಇಟಲಿಯವರು ಏನು ಮಾಡಿದರೂ ಹ್ಯಾಂಬರ್ಗ್ ಅಲ್ಲಾಡಲಿಲ್ಲ. ಓಬಳಪ್ಪ ಕುಣಿದ. ಕುಣಿಯುತ್ತಿದ್ದವನ ಕೈ ತಾನಾಗಿ ತಲೆಗೆ ಹೋಯಿತು. ಅಲ್ಲೇ ನಿಂತ.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ಬೈರಮ್ಮ ನಿಂತಿದ್ದಳು. “ಭಾನುವಾರ ಗಂಡಿನ ಕಡೆಯವ್ರು ಬರ್ತಾರೆ, ನೆನಪಿದ್ಯಾ?”

ನೆನಪಿತ್ತು. ಟೆಲಿಫೋನ್ ಆಫೀಸಿನಲ್ಲಿ ಕೆಲಸದಲ್ಲಿದ್ದ ತಂಗಿ ಗಂಗರತ್ನಳನ್ನು ನೋಡಲು ಚಾಮರಾಜಪೇಟೆಯಿಂದ ಮರಿಯಣ್ಣ ಎಂಬ ಹುಡುಗನ ಮನೆಯವರು ಬರುವವರಿದ್ದರು. ಹಿಂದೆ ಬಂದಿದ್ದ ಒಂದು ಗುಂಪಿನ ಮುಂದೆ ಓಬಳಪ್ಪ ಕಾಫಿ ಲೋಟ ಕೆಳಗಿಟ್ಟು, ಸ್ಕೋರ್ ಕೇಳಲು ಎದ್ದುಹೋಗಿದ್ದ. ಅವರು ಮನೆಯಲ್ಲಿ ಏನೋ ಸರಿಯಿಲ್ಲ ಎಂದು ಹೇಳಿ ಕಳಿಸಿದ್ದರು. ಗಂಗರತ್ನ ಆಗ ಏನೂ ಅಂದಿರಲಿಲ್ಲ. ಈ ಸಲ ಮಾತ್ರ, ಅಣ್ಣನ ಷರಟಿಗೆ ಗುಂಡಿ ಹೊಲಿಯುತ್ತಾ, ತಲೆಯೆತ್ತದೆ ಹೇಳಿದ್ದಳು: “ಮರಿಯಣ್ಣನ್ನ ನಾನು ನೋಡಿದೀನಿ ಅಣ್ಣ. ನಂಗಿಷ್ಟ.”

ಮುಡಿಯನ್ನು ಒಂದು ವಾರ ಮುಂದಕ್ಕೆ ಹಾಕೋಣ ಎಂದು ಬೈರಮ್ಮ ಅತ್ತೆಯನ್ನು ಬೇಡಿಕೊಂಡಳು. ಮಾರಕ್ಕ ಒಪ್ಪಲಿಲ್ಲ. ಹರಕೆ ಬಾಕಿ ಇಟ್ಟುಕೊಂಡು ಶುಭಕಾರ್ಯಕ್ಕೆ ಕೈ ಹಾಕಿದರೆ ಅಮ್ಮ ಸುಮ್ಮನಿರುವುದಿಲ್ಲ, ಪೆಟ್ಟು ಬೀಳುವುದು ಹುಡುಗಿಗೆ ಎಂದಳು. ಶುಕ್ರವಾರ ಗುಡಿಯ ಮುಂದೆ ಆ ಎರಡೂ ಅಲೆಗಳು ಮಣ್ಣಿಗೆ ಬಿದ್ದವು. ಬೋಳುತಲೆಯಲ್ಲಿ ಕೂತಿದ್ದಾಗಲೂ ಓಬಳಪ್ಪನ ಜಂಭ ಇಳಿದಿರಲಿಲ್ಲ. ಇದಿನ್ನೂ ಅರ್ಧ ಕಣಮ್ಮ, ನಾಳೆ ಬಿಟ್ಟು ಮುಂದಿನ ಶನಿವಾರ ಜರ್ಮನಿಯ ಲೀಗೂ ನಮ್ಮದೇ ಎಂದ. ಮಾರಕ್ಕ ಗುಡಿಯ ಕಡೆ ತಿರುಗಿ ಕೈಮುಗಿದು ಏನೋ ಗೊಣಗಿಕೊಂಡಳು.

ಭಾನುವಾರಕ್ಕೆ ಬೈರಮ್ಮ ಹೂಡಿದ ಉಪಾಯವೆಂದರೆ ಪೇಟ. ಮದುವೆಯಲ್ಲಿ ಓಬಳಪ್ಪ ತೊಟ್ಟಿದ್ದ, ಜರಿಯಂಚಿನ ಮೈಸೂರು ಪೇಟ. ಅಂದು ಕೂದಲಿನ ಮೇಲೆ ಬಿಗಿಯಾಗಿ ಕೂತಿದ್ದದ್ದು ಈಗ ಬೋಳುತಲೆಯ ಮೇಲೆ ಹುಬ್ಬಿನವರೆಗೂ ಜಾರುತ್ತಿತ್ತು. ಒಳಗೆ ಹಳೆಯ ಟವಲ್ ಸುತ್ತಿ ತುರುಕಿದರು. ಚೆಂಡಿನ ವಿಷಯ ಎತ್ತಬಾರದು, ಕತ್ತು ಆಡಿಸಬಾರದು ಎಂದು ಬೈರಮ್ಮ ಆಣೆ ಹಾಕಿಸಿಕೊಂಡಳು.

ಗಂಡಿನ ತಂದೆ ಸೊಣ್ಣಪ್ಪ, ಹೆಂಡತಿ, ಮಗ ಮರಿಯಣ್ಣ ಬಂದು ಚಾಪೆಯ ಮೇಲೆ ಕೂತರು. ಸೊಣ್ಣಪ್ಪ ಓಬಳಪ್ಪನನ್ನು ನೋಡಿ, ತನ್ನ ಮಗನನ್ನು ನೋಡಿ, ಮತ್ತೆ ಓಬಳಪ್ಪನನ್ನು ನೋಡಿದರು. ಮೇ ತಿಂಗಳ ಸೆಕೆಯಲ್ಲಿ ಪೇಟ ತೊಟ್ಟು ಕೂತವನು ಒಬ್ಬ, ಮದುವೆ ಗಂಡು ಇನ್ನೊಬ್ಬ. ಟವಲ್ ನೆನೆದು ಕಿವಿಯ ಹಿಂದೆ ಬೆವರು ಇಳಿಯತೊಡಗಿತು. ಓಬಳಪ್ಪ ಒರೆಸಿಕೊಳ್ಳಲಿಲ್ಲ. ಹೂವು, ಕಾಯಿ, ಎಲೆ ಅಡಿಕೆಯ ತಟ್ಟೆ ಮಧ್ಯಕ್ಕೆ ಬಂತು. ಗಂಗರತ್ನ ಕಾಫಿ ಕೊಟ್ಟು ಒಳಗೆ ಹೋದಳು. ಮರಿಯಣ್ಣನ ಮುಖದಲ್ಲಿ ಒಪ್ಪಿಗೆ ಮೂಡಿದ್ದು ಎಲ್ಲರಿಗೂ ಕಂಡಿತು. ಇನ್ನೇನು ಮುಗಿಯಿತು ಅನ್ನುವಾಗ ಸಂತೋಷ ತಡೆಯಲಾರದೆ ಓಬಳಪ್ಪ ಎದ್ದ, ಹಿರಿಯರ ಕಾಲಿಗೆ ನಮಸ್ಕರಿಸಲು ಬಗ್ಗಿದ.

ಪೇಟ ಕಳಚಿತು. ಟವಲ್ ಸಮೇತ ಉರುಳಿಕೊಂಡು ಹೋಗಿ ಸೊಣ್ಣಪ್ಪನ ಮೊಣಕಾಲಿಗೆ ತಗುಲಿ ನಿಂತಿತು.

ಸೊಣ್ಣಪ್ಪ ಆ ಹೊಸ ಬೋಳನ್ನು ನೋಡಿದರು, ಗೋಡೆಯ ಮೇಲಿದ್ದ ಓಬಳಪ್ಪನ ತಂದೆಯ ಹಳೆಯ ಫೋಟೋ ನೋಡಿದರು. ಮೆಲ್ಲಗೆ ಕೇಳಿದರು: “ತಂದೆಯವ್ರು ಹೋಗಿ ಬಹಳ ವರ್ಷ ಆಯ್ತು ಅಂದಿದ್ರಿ. ಹಂಗಾದ್ರೆ… ಅಮ್ಮನಾ?”

ಹೂಂ ಅಂದರೆ ಸೂತಕದ ಮನೆ. ಹುಡುಗಿಯ ಮಾತು ಇಲ್ಲಿಗೇ ನಿಂತಿತು. ಅಲ್ಲ ಅಂದರೆ ಮತ್ತೇಕೆ ಬೋಳಿಸಿದೆ ಎಂದು ಕೇಳುತ್ತಾರೆ. ಎಲ್ಲೋ ಇರುವ ಊರಿನವರು ಚೆಂಡು ಒದ್ದದ್ದಕ್ಕೆ ಎಂದರೆ ಹುಚ್ಚರ ಮನೆ. ಓಬಳಪ್ಪ ಹೀಗೆ ಲೆಕ್ಕ ಹಾಕುತ್ತಿರುವಾಗಲೇ ಸೊಣ್ಣಪ್ಪನ ಹೆಂಡತಿ ತಟ್ಟೆಯ ಹೂವನ್ನು ಚೀಲಕ್ಕೆ ಹಾಕಿಕೊಂಡರು. ವರ್ಷ ಕಳೆಯಲಿ, ಆಮೇಲೆ ನೋಡೋಣ ಎಂದು ಸೊಣ್ಣಪ್ಪ ಚಪ್ಪಲಿಗೆ ಕಾಲು ಹಾಕಿದರು. ಕೋಣೆಯ ಪರದೆಯ ಹಿಂದೆ ಅಷ್ಟು ಹೊತ್ತು ಕೇಳುತ್ತಿದ್ದ ಬಳೆಗಳ ಸದ್ದು ನಿಂತುಹೋಯಿತು.

ಆ ಸದ್ದು ನಿಂತದ್ದನ್ನು ಓಬಳಪ್ಪ ತಡೆದುಕೊಳ್ಳಲಾರದೆ ಹೋದ. “ಅಮ್ಮಾ!” ಎಂದು ಕೂಗಿದ.

ಸೊಣ್ಣಪ್ಪ ಹೊಸಿಲಿಂದ ಹಿಂತಿರುಗಿ ಬಂದು ಅವನ ಭುಜ ಹಿಡಿದರು. ಅವರ ಕಣ್ಣೂ ತುಂಬಿತ್ತು. “ಅಳಬೇಡಿ ಓಬಳಪ್ಪನೋರೇ. ಹೋದೋರು ಎಷ್ಟು ಕೂಗಿದ್ರೂ ಬರಲ್ಲ.”

“ಏನ್ಲಾ?” ಎಂದಿತು ಅಡುಗೆಮನೆ.

ಸೊಣ್ಣಪ್ಪನ ಕೈ ಭುಜದ ಮೇಲೆಯೇ ಕಲ್ಲಾಯಿತು. ಬೋಂಡ ಕರಿಯುತ್ತಿದ್ದ ಮಾರಕ್ಕ ಕೈಯಲ್ಲಿ ಜಾಲರಿ ಹಿಡಿದು ಈಚೆ ಬಂದು, ಎಲ್ಲರೂ ಎದ್ದು ನಿಂತದ್ದು ಕಂಡು, ಆರೋಗುತ್ತೆ ಕೂತ್ಕೊಳ್ಳಿ ಎಂದಳು.

“ಇವ್ರು…?”

“ನಮ್ಮಮ್ಮ.”

“ಮತ್ತೆ ಸತ್ತಿದ್ದು ಯಾರು?”

“ಯಾರೂ ಸತ್ತಿಲ್ಲ ಸ್ವಾಮಿ,” ಎಂದ ಓಬಳಪ್ಪ. “ಗೆದ್ದಿದಾರೆ.”

ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಇಂಜಿನಿಯರ್, ಮಫ್ಲರ್, ಹರಕೆ ಎಲ್ಲವೂ ಹೊರಬಂದವು. ಸೊಣ್ಣಪ್ಪ ಕೂತು ಬೋಂಡ ತಿನ್ನುತ್ತಾ ಪೂರ್ತಿ ಕೇಳಿದರು. ಕಂಡರಿಯದ ಊರಿಗೆ ಆಡಿದ ಮಾತಿಗೆ ಕೂದಲು ಕೊಟ್ಟವನು ನಮಗೆ ಕೊಟ್ಟ ಮಾತು ತಪ್ಪುತ್ತಾನೆಯೇ ಎಂದು ಹೆಂಡತಿಯನ್ನು ಕೇಳಿದರು. ಹೂವು ಚೀಲದಿಂದ ಮತ್ತೆ ತಟ್ಟೆಗೆ ಬಂತು. ಪರದೆಯ ಹಿಂದೆ ಬಳೆ ಸದ್ದಾಯಿತು. ಮುಂದಿನ ಭಾನುವಾರವೇ ಹೂ ಮುಡಿಸುವ ಶಾಸ್ತ್ರ ಎಂದು ನಿಶ್ಚಯವಾಯಿತು.

ಹೊರಡುವಾಗ ಸೊಣ್ಣಪ್ಪ ಓಬಳಪ್ಪನ ಮುಖವನ್ನು ಹತ್ತಿರದಿಂದ ನೋಡಿದರು. “ಸಾವಾಗಿದ್ರೆ ಮೀಸೇನೂ ಹೋಗಿರ್ಬೇಕಿತ್ತು. ನಂಗೇ ಹೊಳೀಲಿಲ್ಲ. ಭಾನುವಾರ ನಮ್ಮ ಕಡೆ ದೊಡ್ಡೋರೆಲ್ಲ ಬರ್ತಾರೆ, ಶಾಸ್ತ್ರದಲ್ಲಿ ಬಲು ಬಿಗಿ. ಆ ಮೀಸೆ ಇದ್ರೆ ಹರಕೆ ಅಂತ ತಿಳ್ಕೋತಾರೆ. ಅದೊಂದನ್ನ ಜೋಪಾನ ಮಾಡ್ಕೊಳ್ಳಿ.”

ಅವರನ್ನು ಬೀದಿಯ ತಿರುವಿನವರೆಗೂ ಬಿಟ್ಟು, ಮೀಸೆ ತಿರುವುತ್ತಾ ಓಬಳಪ್ಪ ಒಳಗೆ ಬಂದ. ಮಾರಕ್ಕ ಉಳಿದ ಬೋಂಡ ತಿನ್ನುತ್ತಾ ಕೂತಿದ್ದಳು.

“ಅದೇನೋ ಶನಿವಾರ ಐತೆ ಅಂದ್ಯಲ್ಲಾ ಇನ್ನೊಂದು,” ಎಂದಳು. “ನೀನೇನೂ ಯೋಚ್ನೆ ಮಾಡ್ಬೇಡ. ಕೂದ್ಲು ತಗಂಡು ಗೆಲ್ಸಿದೋಳು ಅದನ್ನ ಬಿಡ್ತಾಳಾ? ಅವತ್ತು ಗುಡಿ ತಾವ ನಾನೇ ಹರಸ್ಕೊಂಡಿದೀನಿ.”

“ಏನಂತ?”

“ಮೀಸೆ ಕೊಡ್ತಾನೆ ಅಂತ. ಸಂಜೆ ಗೆದ್ರೆ ಭಾನುವಾರ ಬೆಳಗ್ಗೇನೇ.”

ಬೈರಮ್ಮ ಗಂಡನನ್ನು ನೋಡಿದಳು. ಗಂಗರತ್ನ ಪರದೆ ಸರಿಸಿ ಅಣ್ಣನನ್ನು ನೋಡಿದಳು. ಲೀಗ್‌ನಲ್ಲಿ ಇನ್ನು ಉಳಿದಿರುವುದು ಶನಿವಾರದ ಆಟವೊಂದೇ; ಅಂಕದಲ್ಲಿ ಹ್ಯಾಂಬರ್ಗಿಗೆ ಸರಿಸಮನಾಗಿ ನಿಂತಿರುವುದು ಜಗತ್ತಿನಲ್ಲಿ ಒಂದೇ ತಂಡ. ಓಬಳಪ್ಪ ಗೋಡೆಯ ಮೊಳೆಯಿಂದ ಮಫ್ಲರ್ ತೆಗೆದು ಮಡಚಿ ಟ್ರಂಕಿಗೆ ಹಾಕಿದ. ಚಪ್ಪಲಿ ಮೆಟ್ಟಿದ.

“ಎಲ್ಲಿಗ್ರೀ?” ಎಂದಳು ಬೈರಮ್ಮ.

“ಗುಡಿಗೆ. ಶನಿವಾರ ಒಂದಿನ, ಒಂದೇ ಒಂದಿನ, ತಾಯಿ ಆ ಬ್ರೆಮೆನ್‌ನವ್ರ ಕಡೆ ಸ್ವಲ್ಪ…” ಎನ್ನುತ್ತಾ ಅವನು ಬೋಳುತಲೆಯ ಮೇಲೆ ಬಿಸಿಲು ಹೊತ್ತು, ಒಂದು ಕೈಯಿಂದ ಮೀಸೆ ಮುಚ್ಚಿಕೊಂಡು, ಬೀದಿಗಿಳಿದ.